ಅಲ್ಪ ಅನುದಾನದಲ್ಲಿ ಅಗ್ನಿಸುರಕ್ಷತೆ: ಶಾಲೆ ಮೊದಲು ಮಾಡಬೇಕಾದುದು ಯಾವುದು?

ಪಾಠದ ಉದ್ದೇಶ: ಬೆಂಕಿಯ ಅಪಾಯದಿಂದ ಮಕ್ಕಳನ್ನು ಕಾಪಾಡುವ ಕ್ರಮಗಳನ್ನು ಅವುಗಳ ಮಹತ್ತ್ವಕ್ಕೆ ತಕ್ಕಂತೆ ಕ್ರಮಪಡಿಸುವುದು, ಶಾಲೆಗೆ ದೊರೆಯುವ ಹಣವನ್ನು ಆ ಕ್ರಮದಲ್ಲಿಯೇ ವಿನಿಯೋಗಿಸಲು ಕಲಿಯುವುದು.

ಪೀಠಿಕೆ

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂ ಪಟ್ಟಣದ ಶಾಲೆಯೊಂದರಲ್ಲಿ, ಮಧ್ಯಾಹ್ನದ ಊಟ ಸಿದ್ಧವಾಗುತ್ತಿದ್ದ ಅಡುಗೆಮನೆಯಿಂದ ಹೊರಟ ಬೆಂಕಿಯು ಗರಿಯ ಮಾಡಿಗೆ ಹತ್ತಿ ತರಗತಿಗಳಿಗೆ ಹಬ್ಬಿತು. ಮೇಲಂತಸ್ತಿನಲ್ಲಿದ್ದ ಪುಟ್ಟ ಮಕ್ಕಳಿಗೆ ಇಳಿದು ಬರಲು ಇದ್ದುದು ಇಕ್ಕಟ್ಟಾದ ಮೆಟ್ಟಿಲು. 94 ಮಕ್ಕಳು ಅಸುನೀಗಿದರು. ಈ ದುರಂತದ ಹಿನ್ನೆಲೆಯಲ್ಲಿ ಹೂಡಲಾದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರ ಏಪ್ರಿಲ್ 13ರಂದು ತೀರ್ಪಿತ್ತು, ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗವೆಂದು ಸಾರಿತು. ಶಾಲೆಗಳಲ್ಲಿ ಬೆಂಕಿ ನಂದಿಸುವ ಸಾಧನಗಳಿರಬೇಕು, ಅವುಗಳ ಬಳಕೆಯಲ್ಲಿ ಶಿಕ್ಷಕರಿಗೆ ತರಬೇತಿ ದೊರೆಯಬೇಕು, ಸುಲಭವಾಗಿ ಉರಿಯುವ ವಸ್ತುಗಳನ್ನು ಶಾಲೆಯಲ್ಲಿ ದಾಸ್ತಾನು ಮಾಡಬಾರದು ಎಂದು ನಿರ್ದೇಶಿಸಿತು.

ನಿಯಮ ಹೀಗಿದೆ, ಹಣವೋ ಅಲ್ಪ. ಸಮಗ್ರ ಶಿಕ್ಷಾ ಯೋಜನೆಯ ಮಾರ್ಗಸೂಚಿಯಂತೆ 31ರಿಂದ 100 ಮಕ್ಕಳಿರುವ ಸರ್ಕಾರಿ ಶಾಲೆಗೆ ವರ್ಷಕ್ಕೆ 25,000 ರೂಪಾಯಿ, 30 ಅಥವಾ ಅದಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ 10,000 ರೂಪಾಯಿ ಸಂಯುಕ್ತ ಅನುದಾನ ನಿಗದಿಯಾಗಿದೆ. ಅದರಲ್ಲಿ ಕನಿಷ್ಠ ಶೇ. 10 ಭಾಗ ಸ್ವಚ್ಛತೆಗೆ ಮೀಸಲು. ಉಳಿದುದರಲ್ಲಿ ಸೀಮೆಸುಣ್ಣದಿಂದ ಹಿಡಿದು ವಿದ್ಯುತ್ ಬಿಲ್ಲಿನವರೆಗೆ ಎಲ್ಲವೂ ನಡೆಯಬೇಕು. ಗಡಿನಾಡಿನ ಅನೇಕ ಕನ್ನಡ ಶಾಲೆಗಳು ಸಣ್ಣವು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಖರ್ಚಿಗೆ ಸರಿಯಾದೀತು. ಮಕ್ಕಳ ಪ್ರಾಣಕ್ಕೆ ಅದನ್ನು ಅನ್ವಯಿಸಲಾಗದು. ಹಾಗಾದರೆ ಈ ಎರಡನ್ನೂ ಸರಿದೂಗಿಸುವುದು ಹೇಗೆ?

ಕ್ರಮವೇ ಮುಖ್ಯ

ಸಾಮಾನ್ಯವಾಗಿ ಶಾಲೆಗಳು ಮೊದಲು ಕೊಳ್ಳುವುದು ಕೆಂಪು ಬಣ್ಣದ ಅಗ್ನಿನಂದಕವನ್ನು. ಅದು ಗೋಡೆಯ ಮೇಲೆ ಕಾಣುತ್ತದೆ, ತಪಾಸಣೆಗೆ ಬಂದವರಿಗೆ ತೋರಿಸಬಹುದು. ಆದರೆ ಕುಂಭಕೋಣದ ಘಟನೆಯನ್ನು ಮತ್ತೊಮ್ಮೆ ಗಮನಿಸಿರಿ. ಒಲೆ ಮತ್ತು ಉರಿಯುವ ಮಾಡು ಒಂದೆಡೆ ಇದ್ದವು. ಮಕ್ಕಳಿಗೆ ಹೊರಬರುವ ದಾರಿ ಸಾಲದಾಗಿತ್ತು. ಈ ಎರಡೂ ಕೊರತೆಗಳನ್ನು ಸಿಲಿಂಡರೊಂದು ತುಂಬಿಕೊಡಲಾರದು. ಆದುದರಿಂದ ಯಾವುದೇ ಖರ್ಚಿಗೆ ಮುನ್ನ ಮೂರು ಪ್ರಶ್ನೆಗಳನ್ನು ಈ ಅನುಕ್ರಮದಲ್ಲಿ ಕೇಳಿಕೊಳ್ಳತಕ್ಕದ್ದು:

1. ಮಕ್ಕಳು ತಡೆಯಿಲ್ಲದೆ ಹೊರಬರಲು ಇದು ನೆರವಾಗುವುದೇ?
2. ಬೆಂಕಿ ಹುಟ್ಟದಂತೆ ಇದು ತಡೆಯುವುದೇ?
3. ಹುಟ್ಟಿದ ಸಣ್ಣ ಬೆಂಕಿಯನ್ನು ನಂದಿಸಲು ಇದು ಬೇಕೇ?

ಹಣವಿಲ್ಲದೆ ಆಗುವ ಕೆಲಸಗಳು

ಮೊದಲನೆಯ ಪ್ರಶ್ನೆಗೆ ಸೇರಿದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ. ಕಳ್ಳರ ಭಯದಿಂದ ಹಾಕಿದ ಗ್ರಿಲ್ ಬಾಗಿಲಿನ ಬೀಗವನ್ನು ಶಾಲೆ ನಡೆಯುವಷ್ಟು ಹೊತ್ತೂ ತೆಗೆದಿರಿಸಬೇಕು. ಮೆಟ್ಟಿಲು ಮತ್ತು ಜಗಲಿಗಳಲ್ಲಿ ಪೇರಿಸಿದ ಮುರಿದ ಬೆಂಚು, ಹಳೆಯ ಪುಸ್ತಕಗಳ ಕಟ್ಟುಗಳನ್ನು ತೆರವುಗೊಳಿಸಬೇಕು. ಒಂದೇ ಬಾಗಿಲಿರುವ ಕೋಣೆಗೆ ಎರಡನೆಯ ಬಾಗಿಲು ಇಡಿಸಲು ಹಣವಿಲ್ಲದಿದ್ದರೆ, ಆ ಕೋಣೆಯಲ್ಲಿ ದೊಡ್ಡ ಮಕ್ಕಳನ್ನು ಕೂರಿಸಿ, ಒಂದನೆಯ ಮತ್ತು ಎರಡನೆಯ ತರಗತಿಗಳನ್ನು ಅಂಗಳಕ್ಕೆ ಹತ್ತಿರವಾಗಿ, ನೆಲಮಟ್ಟದಲ್ಲಿ ನಡೆಸಬಹುದು. ಅಡುಗೆಮನೆಗೆ ತಗುಲಿಕೊಂಡ ಕೋಣೆಯನ್ನು ತರಗತಿಯಾಗಿ ಬಳಸದಿರಬಹುದು. ಹಣವಿಲ್ಲದಾಗ ಕಟ್ಟಡವನ್ನು ಬದಲಿಸಲಾಗದು. ಅದರ ಬಳಕೆಯನ್ನು ಬದಲಿಸಬಹುದು.

ಅಣಕು ಅಭ್ಯಾಸಕ್ಕೂ ಖರ್ಚಿಲ್ಲ. ನಿತ್ಯದ ಗಂಟೆಗಿಂತ ಬೇರೆಯಾದ ಒಂದು ಗಂಟೆಯ ಸಂಕೇತವನ್ನು ಗೊತ್ತುಪಡಿಸಿರಿ. ಗಂಟೆ ಬಾರಿಸಿದೊಡನೆ ಮಕ್ಕಳು ಚೀಲಗಳನ್ನು ಬಿಟ್ಟು, ಸಾಲಾಗಿ, ಗೊತ್ತಾದ ಮರದಡಿಗೋ ಮೈದಾನದ ಮೂಲೆಗೋ ಬಂದು ನಿಲ್ಲಲಿ. ಶಿಕ್ಷಕರು ಹಾಜರಿ ಪುಸ್ತಕವನ್ನು ಕೈಯಲ್ಲಿ ಹಿಡಿದೇ ಹೊರಬಂದು ಹೆಸರು ಕೂಗಿ ಎಣಿಸಲಿ. ಕೊನೆಯ ಮಗು ಸಿಕ್ಕಿದ ಮೇಲೆಯೇ ಅಭ್ಯಾಸ ಮುಗಿಯಿತೆಂದು ತಿಳಿಯತಕ್ಕದ್ದು. ಹೊಗೆ ತುಂಬಿದರೆ ಬಗ್ಗಿ ಅಥವಾ ತೆವಳಿ ಸಾಗಬೇಕೆಂದೂ, ಬಟ್ಟೆಗೆ ಕಿಡಿ ಹತ್ತಿದರೆ ಓಡದೆ ನೆಲದ ಮೇಲೆ ಉರುಳಬೇಕೆಂದೂ ಆಟದ ರೂಪದಲ್ಲಿ ಕಲಿಸಿರಿ.

ಗಡಿ ಶಾಲೆಗಳಿಗೆ ಇನ್ನೊಂದು ಹೊಣೆಯಿದೆ. 101 ಅಥವಾ 112 ಸಂಖ್ಯೆಗೆ ಕರೆ ಮಾಡಿದಾಗ ಉತ್ತರಿಸುವವರು ರಾಜ್ಯಭಾಷೆಯಲ್ಲಿ ಮಾತನಾಡಬಹುದು. ಗಡಿಯಲ್ಲಿ ಮೊಬೈಲ್ ಕರೆ ನೆರೆರಾಜ್ಯಕ್ಕೆ ಸೇರುವುದೂ ಉಂಟು. ಆದುದರಿಂದ ರಾಜ್ಯ, ಜಿಲ್ಲೆ, ತಾಲೂಕು, ಊರು, ಶಾಲೆಯ ಗುರುತು, ಇಷ್ಟನ್ನು ಕನ್ನಡದಲ್ಲಿಯೂ ರಾಜ್ಯಭಾಷೆಯಲ್ಲಿಯೂ ತಡವರಿಸದೆ ಹೇಳಲು ಮೇಲಿನ ತರಗತಿಯ ಮಕ್ಕಳಿಗೆ ರೂಢಿಮಾಡಿಸಬೇಕು. ಹತ್ತಿರದ ಅಗ್ನಿಶಾಮಕ ಠಾಣೆಯ ನೇರ ದೂರವಾಣಿ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಬೇಕು. ಠಾಣೆ ದೂರವಿದ್ದಲ್ಲಿ ಮೊದಲ ಕೆಲವು ನಿಮಿಷಗಳ ಹೊಣೆ ಶಾಲೆಯದೇ ಆಗಿರುತ್ತದೆ.

ಹಣ ಹಾಕಲೇಬೇಕಾದ ಕೆಲಸಗಳು

ಬೆಂಕಿ ಹುಟ್ಟುವ ಮುಖ್ಯ ತಾಣಗಳು ಅಡುಗೆಮನೆ ಮತ್ತು ವಿದ್ಯುತ್ ತಂತಿಗಳು. ಹಣದ ಮೊದಲ ಭಾಗ ಇಲ್ಲಿಗೆ ಸಲ್ಲಬೇಕು. ಸುಲಿದ ತಂತಿ, ಸಡಿಲವಾದ ಸ್ವಿಚ್ಚುಗಳನ್ನು ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್ನರಿಂದಲೇ ಸರಿಪಡಿಸಿ, ಎಂಸಿಬಿ ಹಾಕಿಸಿರಿ. ಅಡುಗೆ ಅನಿಲದ ರಬ್ಬರ್ ನಳಿಕೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಅದಕ್ಕೂ ಮೊದಲೇ, ಬದಲಿಸಬೇಕು. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದಲ್ಲಿಯೇ ತಂಗುತ್ತದೆ. ಅಡುಗೆಮನೆಗೆ ನೆಲದ ಸಮೀಪವೂ ಗಾಳಿಕಿಂಡಿ ಇರಬೇಕು. ವಾಸನೆ ಬಂದರೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು 1906ಕ್ಕೆ ಕರೆ ಮಾಡಬೇಕು. ಉರಿಯುವ ಎಣ್ಣೆಯ ಬಾಣಲೆಗೆ ನೀರು ಸುರಿಯದೆ, ಒಲೆ ಆರಿಸಿ ಮುಚ್ಚಳ ಮುಚ್ಚಬೇಕೆಂದು ಅಡುಗೆಯವರಿಗೆ ತಿಳಿಸಿರಿ.

ಆ ಬಳಿಕ ಅಗ್ನಿನಂದಕ. ಐಎಸ್ಐ ಗುರುತುಳ್ಳ ಎಬಿಸಿ ಪುಡಿಯ ಸಾಧನವನ್ನೇ ಕೊಳ್ಳಿರಿ. ಇಲ್ಲಿ ಉಳಿತಾಯದ ಆಸೆ ಸಲ್ಲದು: ಒತ್ತಡದ ಮುಳ್ಳು ಹಸಿರು ಭಾಗದಿಂದ ಜಾರಿದ ಸಿಲಿಂಡರ್ ಹುಸಿ ಧೈರ್ಯವನ್ನಷ್ಟೇ ಕೊಡುತ್ತದೆ. ಕೊಳ್ಳುವ ವರ್ಷದಲ್ಲಿಯೇ ಮುಂದಿನ ನಿರ್ವಹಣೆಯ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ.

ಶಾಲೆಯ ಶಕ್ತಿಗೆ ಮೀರಿದವು

ಹೊಸ ಮೆಟ್ಟಿಲು, ಎರಡನೆಯ ಬಾಗಿಲು, ಪ್ರತ್ಯೇಕ ಅಡುಗೆಮನೆ, ಇವು ವಾರ್ಷಿಕ ಅನುದಾನದಲ್ಲಿ ಆಗತಕ್ಕವಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 22ನೆಯ ಕಲಮು ಹೇಳುವ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಅವನ್ನು ನಮೂದಿಸಿ, ಶಾಲಾ ನಿರ್ವಹಣಾ ಸಮಿತಿಯ ಠರಾವಿನೊಡನೆ ಬರಹದಲ್ಲಿ ಇಲಾಖೆಗೆ ಕಳುಹಿಸಿರಿ. ಬಾಯಿಮಾತಿನ ಕೋರಿಕೆಗೆ ದಾಖಲೆಯಿರದು. ಉತ್ತರ ಬರುವವರೆಗೆ ಮೇಲೆ ಹೇಳಿದಂತೆ ಕೋಣೆಗಳ ಬಳಕೆಯನ್ನು ಬದಲಿಸಿ ಅಪಾಯವನ್ನು ತಗ್ಗಿಸುವುದು ನಮ್ಮ ಕೈಯಲ್ಲಿದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದು ವ್ಯರ್ಥ. ಇಂದು ಸಂಜೆ ಮೆಟ್ಟಿಲ ಮೇಲಿನ ಬೆಂಚನ್ನು ಸರಿಸುವುದು ಸಾಧ್ಯ.

ಶಿಕ್ಷಕರಿಗೆ ಅಭ್ಯಾಸ

1. ನಿಮ್ಮ ಶಾಲೆಯ ನಕ್ಷೆ ಬರೆದು, ಪ್ರತಿ ಕೋಣೆಯಿಂದ ಹೊರಬರುವ ದಾರಿಯನ್ನು ಬಾಣದಿಂದ ಗುರುತಿಸಿರಿ. ಎಲ್ಲಿ ದಾರಿ ಒಂದೇ ಇದೆ?
2. ಎಲ್ಲ ಮಕ್ಕಳೂ ಹೊರಬಂದು ಎಣಿಕೆ ಮುಗಿಯಲು ಹಿಡಿಯುವ ಸಮಯವನ್ನು ಗಡಿಯಾರದಲ್ಲಿ ನೋಡಿ ಬರೆದಿಡಿರಿ. ಮುಂದಿನ ತಿಂಗಳು ಅದರೊಡನೆ ಹೋಲಿಸಿರಿ.
3. ಈ ವರ್ಷದ ಅನುದಾನದಿಂದ ಮಾಡಬೇಕಾದ ಸುರಕ್ಷಾ ಕೆಲಸಗಳನ್ನು ಮೂರು ಪ್ರಶ್ನೆಗಳ ಅನುಕ್ರಮದಲ್ಲಿ ಪಟ್ಟಿಮಾಡಿ, ಸಮಿತಿಯ ಮುಂದಿಡಿರಿ.