ಕೆಲಸ ನಿಂತಿತು, ಕೈಯಿಂದ ಹಾಕಿದ ದುಡ್ಡಿನ ಗತಿ?

ಪ್ರಶ್ನೆ: ಮೇಡಂ, ನಾನು ಗದಗ ಜಿಲ್ಲೆಯವಳು. ಬೆಂಗಳೂರಿನ ಒಂದು ಖಾಸಗಿ ಸಂಸ್ಥೆ ಮನೆ ಮನೆ ಸಮೀಕ್ಷೆಗೆ ನನ್ನನ್ನು ಆರು ತಿಂಗಳ ಗುತ್ತಿಗೆಯ ಮೇಲೆ ಮೇಲ್ವಿಚಾರಕಿಯಾಗಿ ತೆಗೆದುಕೊಂಡಿತ್ತು. ‘ಖರ್ಚು ನೀವು ಮಾಡಿ, ತಿಂಗಳ ಕೊನೆಗೆ ಬಿಲ್ ಕಳಿಸಿ’ ಎಂದು ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದರು. ನಾಲ್ವರು ಹುಡುಗಿಯರ ಬಸ್ಸು, ಟಂಟಂ, ಊಟ, ಲಾಡ್ಜು, ಜೆರಾಕ್ಸು ಎಲ್ಲವನ್ನೂ ನಾನೇ ನೋಡಿಕೊಂಡೆ. ಮೊದಲ ತಿಂಗಳ ಬಿಲ್ ಬಂತು. ಮೂರನೇ ತಿಂಗಳಲ್ಲಿ ವಾಟ್ಸ್‌ಆ್ಯಪ್‌ಗೆ ‘ಪ್ರಾಜೆಕ್ಟ್ ಕ್ಲೋಸ್ ಆಗಿದೆ, ನಾಳೆಯಿಂದ ಫೀಲ್ಡಿಗೆ ಹೋಗಬೇಡಿ’ ಎಂಬ ಸಂದೇಶ ಬಂತು. ನನ್ನ 68,000 ರೂಪಾಯಿ ಬಾಕಿ ಇದೆ, ಸರ ಅಡವಿಟ್ಟು ತಂದ ದುಡ್ಡು. ಕೇಳಿದರೆ ‘ನಮಗೇ ಕ್ಲೈಂಟ್ ಕೊಟ್ಟಿಲ್ಲ’ ಎನ್ನುತ್ತಾರೆ. ಯಾವಾಗ ಬೇಕಾದರೂ ನಿಲ್ಲಿಸಬಹುದು ಎಂಬ ಸಾಲು ಒಪ್ಪಂದದಲ್ಲೇ ಇದೆ. ಹುಡುಗಿಯರಿಗೆ ಕೂಲಿ ಬಂದಿಲ್ಲ, ನನ್ನನ್ನೇ ಕೇಳುತ್ತಿದ್ದಾರೆ. ಅಪ್ಪ ‘ಹೋಗ್ಲಿ ಬಿಡವಾ, ದೊಡ್ಡೋರ ಕೂಡ ಜಗಳ ಬ್ಯಾಡ’ ಅಂತಾರೆ. ಸಂಸ್ಥೆಯ ಟ್ಯಾಬ್ ನನ್ನ ಹತ್ತಿರವಿದೆ. ದುಡ್ಡು ಕೊಡುವತನಕ ಇಟ್ಟುಕೊಳ್ಳಲೇ? ಪೊಲೀಸರಿಗೆ ದೂರು ಕೊಡಲೇ?

ಉತ್ತರ: ನಿಮ್ಮ ತಂದೆಯವರಿಗೆ ನಿಮ್ಮ ನೆಮ್ಮದಿಯ ಚಿಂತೆ, ಅದು ಸಹಜ. ಆದರೆ ಇದು ‘ಹೋಗಲಿ’ ಎಂದು ಬಿಡುವ ಹಣವಲ್ಲ. ಸಂಸ್ಥೆಯ ಕೆಲಸ ನಡೆದದ್ದೇ ನಿಮ್ಮ ದುಡ್ಡಿನಿಂದ. ನೀವು ಅವರಿಗೆ ಕೈಗಡ ಕೊಟ್ಟಂತೆಯೇ ಲೆಕ್ಕ. ಕೈಗಡ ವಾಪಸು ಕೇಳುವುದು ಜಗಳವಲ್ಲ.

ನಿಮ್ಮ ಪತ್ರದಲ್ಲಿ ಎರಡು ದೂರುಗಳು ಕಲೆತುಹೋಗಿವೆ. ಹೇಳದೆ ಕೇಳದೆ ಕೆಲಸ ನಿಲ್ಲಿಸಿದ್ದು ಒಂದು, ಖರ್ಚಿನ ಹಣ ಕೊಡದಿರುವುದು ಇನ್ನೊಂದು. ಮೊದಲು ಇವೆರಡನ್ನೂ ಬೇರೆ ಮಾಡಿ. ಉಳಿದ ತಿಂಗಳುಗಳ ಸಂಬಳ ಕೇಳಲು ಹೊರಟರೆ ‘ಯಾವಾಗ ಬೇಕಾದರೂ ನಿಲ್ಲಿಸಬಹುದು’ ಎಂಬ ಷರತ್ತು ಅಡ್ಡ ಬರುತ್ತದೆ, ವಾದ ಬೆಳೆಯುತ್ತದೆ. ಖರ್ಚಿನ ಮಾತು ಹಾಗಲ್ಲ. ಆ ಷರತ್ತು ನಾಳೆಯ ಕೆಲಸವನ್ನು ನಿಲ್ಲಿಸಬಲ್ಲದು, ಅವರ ಮಾತಿನ ಮೇಲೆ ನಿನ್ನೆ ಆದ ಖರ್ಚನ್ನು ಅಳಿಸಲಾರದು. ಬಾಯಿಮಾತಿನ ಒಪ್ಪಂದವೂ ನಮ್ಮ ಕಾನೂನಿನಲ್ಲಿ ಒಪ್ಪಂದವೇ. ಅದೂ ಇರಲಿಲ್ಲ ಎಂದು ಅವರು ವಾದಿಸಿದರೆ 1872ರ ಭಾರತೀಯ ಕರಾರು ಕಾಯ್ದೆಯ 70ನೇ ಕಲಂ ಇದೆ: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ಒಬ್ಬರು ಮಾಡಿದ ಕೆಲಸದ ಲಾಭವನ್ನು ಇನ್ನೊಬ್ಬರು ಉಂಡಿದ್ದರೆ ಅದಕ್ಕೆ ಪರಿಹಾರ ಕೊಡಬೇಕು. ಇನ್ನು ಕ್ಲೈಂಟ್ ಕೊಟ್ಟಿಲ್ಲವೆಂಬ ಮಾತು. ಅದು ಅವರಿಬ್ಬರ ವ್ಯವಹಾರ. ‘ಕ್ಲೈಂಟ್ ಕೊಟ್ಟ ಮೇಲಷ್ಟೇ ಪಾವತಿ’ ಎಂದು ನಿಮ್ಮ ಒಪ್ಪಂದದಲ್ಲಿ ಬರೆದಿಲ್ಲವಾದರೆ ಆ ನೆಪಕ್ಕೆ ನೀವು ತಲೆಬಾಗಬೇಕಿಲ್ಲ.

ಈಗ ಲೆಕ್ಕಕ್ಕೆ ಕೂರಿ. ಗೆಲುವು ಸೋಲು ತೀರ್ಮಾನವಾಗುವುದು ಇಲ್ಲೇ. ತಾರೀಖು, ಊರು, ಯಾರು ಯಾರು ಹೋಗಿದ್ದರು, ಯಾವುದಕ್ಕೆ ಎಷ್ಟು, ಪುರಾವೆ ಏನು ಎಂದು ದಿನಕ್ಕೊಂದು ಸಾಲು ಬರೆಯಿರಿ. ಟಂಟಂನವರು ರಸೀದಿ ಕೊಡುವುದಿಲ್ಲ, ಖಾನಾವಳಿಯವರೂ ಅಷ್ಟೇ, ಅದಕ್ಕಾಗಿ ಎದೆಗುಂದಬೇಡಿ. ಫೋನ್‌ಪೇಯಲ್ಲಿ ಕೊಟ್ಟದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ. ನಗದು ಕೊಟ್ಟಲ್ಲಿ, ಇಂಥ ದಿನದ ಬಾಡಿಗೆ ಪಡೆದಿದ್ದೇನೆ ಎಂದು ಅವರಿಂದ ಈಗ ಬರೆಸಿಕೊಳ್ಳಿ. ಕೆಳಗೆ ಹಾಕುವುದು ಬರೆದ ದಿನದ ತಾರೀಖೇ ಆಗಿರಲಿ. ಹಿಂದಿನ ತಾರೀಖು ಹಾಕಿಸಿದ ಒಂದೇ ಒಂದು ಚೀಟಿ ನಿಮ್ಮ ಇಡೀ ಲೆಕ್ಕವನ್ನು ಅನುಮಾನಕ್ಕೆ ದೂಡುತ್ತದೆ. ಮೊತ್ತ 5,000 ರೂಪಾಯಿ ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ. ನೆನಪಿಲ್ಲದ ಖರ್ಚನ್ನು ಅಂದಾಜಿನಿಂದ ತುಂಬಬೇಡಿ, ಬಿಟ್ಟುಬಿಡಿ.

ಇವೆಲ್ಲಕ್ಕಿಂತ ಗಟ್ಟಿಯಾದ ಪುರಾವೆಯನ್ನು ನೀವು ಪತ್ರದಲ್ಲಿ ಅರ್ಧ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ: ಮೊದಲ ತಿಂಗಳ ಬಿಲ್ಲನ್ನು ಅವರು ಕೊಟ್ಟಿದ್ದಾರೆ. ಅಂದರೆ ಇಂಥ ಖರ್ಚು ತಮ್ಮದೆಂದು ಅವರೇ ಒಪ್ಪಿದ್ದಾರೆ. ಆ ಬಿಲ್ಲು, ಹಣ ಜಮೆಯಾದ ದಾಖಲೆ ಎರಡನ್ನೂ ಕಡತದ ಮೊದಲಿಗೆ ಇಡಿ. ಸಮೀಕ್ಷೆಯ ಆ್ಯಪ್‌ಗಳು ಸಾಮಾನ್ಯವಾಗಿ ಪ್ರತಿ ನಮೂನೆಯ ಜೊತೆ ಸಮಯವನ್ನೂ ಜಿಪಿಎಸ್ ಗುರುತನ್ನೂ ದಾಖಲಿಸುತ್ತವೆ. ನೀವು ಆ ಹಳ್ಳಿಗೆ ಹೋಗಿದ್ದಿರೆಂಬುದಕ್ಕೆ ಅವರ ಸರ್ವರ್ರೇ ಸಾಕ್ಷಿ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ, ಆ ಫೋನನ್ನೂ ಮಾರಬೇಡಿ. ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ಪ್ಯಾನ್‌ನ ಟಿಡಿಎಸ್ ವಿವರವನ್ನೂ ನೋಡಿ. ಹಣ ಕೊಡದೆಯೂ ನಿಮ್ಮ ಬಿಲ್ಲಿನ ಮೇಲೆ ತೆರಿಗೆ ಕಡಿದು ಕಟ್ಟಿದ್ದರೆ, ಬಾಕಿಯನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ ಎಂದೇ ಅರ್ಥ.

ಟ್ಯಾಬನ್ನು ಖಂಡಿತ ಇಟ್ಟುಕೊಳ್ಳಬೇಡಿ. ಇಂದು ಹಣ ಕೇಳುವವರು ನೀವು. ಟ್ಯಾಬ್ ಹಿಡಿದಿಟ್ಟರೆ ನಾಳೆ ಉತ್ತರ ಕೊಡಬೇಕಾದವರೂ ನೀವೇ. ಫೋಟೊ ತೆಗೆದು, ವಾಪಸು ಕೊಟ್ಟದ್ದಕ್ಕೆ ಸಹಿ ಪಡೆಯಿರಿ. ಪೊಲೀಸ್ ಠಾಣೆಯೂ ಸದ್ಯಕ್ಕೆ ಬೇಡ. ಮೊದಲಿನಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ ‘ಇದು ಸಿವಿಲ್ ವ್ಯಾಜ್ಯ’ ಎಂದು ಹಿಂಬರಹ ಕೊಟ್ಟು ಕಳಿಸುತ್ತಾರೆ.

ಮ್ಯಾನೇಜರಿಗೆ ಫೋನ್ ಮಾಡುವುದನ್ನು ನಿಲ್ಲಿಸಿ, ಬರೆಯಿರಿ. ಲೆಕ್ಕದ ಹಾಳೆ ಲಗತ್ತಿಸಿ ಮ್ಯಾನೇಜರ್, ಅಕೌಂಟ್ಸ್ ವಿಭಾಗ, ನಿರ್ದೇಶಕರು ಮೂವರಿಗೂ ಇಮೇಲ್ ಕಳಿಸಿ. ಸಂಸ್ಥೆಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಕೂಡ ಹೋಗಲಿ. ‘ತಾವು ಫೋನಿನಲ್ಲಿ ಹೇಳಿದಂತೆ ಖರ್ಚು ಮಾಡಿದ್ದೇನೆ’ ಎಂಬ ಮಾತು ಅದರಲ್ಲಿರಲಿ. ಹದಿನೈದು ದಿನದ ಗಡುವು ಕೊಡಿ, ತಪ್ಪಿದರೆ ಬಡ್ಡಿ ಕೇಳುತ್ತೇನೆಂದೂ ಬರೆಯಿರಿ. 1978ರ ಬಡ್ಡಿ ಕಾಯ್ದೆಯಡಿ ಇಂಥ ಲಿಖಿತ ನೋಟಿಸಿಗೆ ಬೆಲೆಯಿದೆ. ನೀವು ದುಡಿದ ದಿನಗಳ ಸಂಬಳ ಬಾಕಿಯಿದ್ದರೆ ಅದನ್ನು ಪ್ರತ್ಯೇಕ ಸಾಲಾಗಿ ಸೇರಿಸಿ. ಬೈಗುಳ, ಬೆದರಿಕೆ ಬೇಡ.

ಇಷ್ಟಾದ ಮೇಲೆ ಬಹಳ ಕಡೆ ನಡೆಯುವುದು ಇದು: 30,000 ಕೊಡುತ್ತೇವೆ, ಇಲ್ಲಿ ಸಹಿ ಮಾಡಿ ಎನ್ನುತ್ತಾರೆ. ಹಣ ತೆಗೆದುಕೊಳ್ಳಿ. ಆದರೆ ‘ಪೂರ್ಣ ಚುಕ್ತಾ, ಯಾವ ಬಾಕಿಯೂ ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಡಿ. ಭಾಗಶಃ ಸಂದಿದೆ, ಇಷ್ಟು ಉಳಿದಿದೆ ಎಂದು ಅಂದೇ ಇಮೇಲ್ ಮಾಡಿ.

ಜಗ್ಗದಿದ್ದರೆ ಗದಗದ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗಬೇಕು. ಹೋಗುವ ಮೊದಲು 15100ಕ್ಕೆ ಕರೆ ಮಾಡಿಯೂ ಕೇಳಬಹುದು. ದಾವೆ ಹೂಡುವ ಮೊದಲೇ ಪ್ರಕರಣವನ್ನು ಲೋಕ ಅದಾಲತ್‌ಗೆ ಒಯ್ಯಲು ಅವಕಾಶವಿದೆ, ಕೋರ್ಟ್ ಶುಲ್ಕವಿಲ್ಲ. ಎರಡೂ ಕಡೆಯವರು ಒಪ್ಪಿ ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿಯಿಲ್ಲ. ಆದ್ದರಿಂದ ಎಷ್ಟಕ್ಕೆ ಒಪ್ಪುತ್ತೀರೆಂದು ಮೊದಲೇ ಯೋಚಿಸಿ ಹೋಗಿ. ಅವರು ಬರದಿದ್ದರೆ ಸಿವಿಲ್ ದಾವೆ. ಕೆಲಸವೂ ಖರ್ಚೂ ನಡೆದದ್ದು ನಿಮ್ಮ ಜಿಲ್ಲೆಯಲ್ಲಿ, ಹಾಗಾಗಿ ಗದಗದಲ್ಲೇ ಹೂಡಲು ಆಧಾರವಿದೆ; ಒಪ್ಪಂದದಲ್ಲಿ ‘ಬೆಂಗಳೂರು ನ್ಯಾಯಾಲಯ ಮಾತ್ರ’ ಎಂದು ಬರೆದಿದೆಯೇ ಎಂದು ವಕೀಲರಿಗೆ ತೋರಿಸಿ. ಕಾಲಮಿತಿ ಮೂರು ವರ್ಷ. ಅಷ್ಟು ಕಾಯಬೇಡಿ, ಅಡವಿನ ಬಡ್ಡಿ ಕಾಯುವುದಿಲ್ಲ.

ಹುಡುಗಿಯರ ವಿಷಯ ನನಗೆ ಇದಕ್ಕಿಂತ ಮುಖ್ಯವಾಗಿ ಕಂಡಿತು. ನಿಮ್ಮ ಲೆಕ್ಕದ ಹಾಳೆಯನ್ನು ಅವರಿಗೂ ತೋರಿಸಿ, ಬಚ್ಚಿಡಬೇಡಿ. ಗುರುತಿನ ಚೀಟಿ ಕೊಟ್ಟದ್ದು, ಕೂಲಿ ಗೊತ್ತುಮಾಡಿದ್ದು ಸಂಸ್ಥೆಯಾದರೆ ಕೂಲಿ ಕೊಡಬೇಕಾದದ್ದೂ ಸಂಸ್ಥೆಯೇ. ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ವೇತನ ಚುಕ್ತಾ ಮಾಡಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ಅವರು ನಾಲ್ವರೂ ಸಹಿ ಹಾಕಿ ಬೇರೆಯೇ ಪತ್ರ ಬರೆಯಲಿ, ಕಾರ್ಮಿಕ ಇಲಾಖೆಯ ಕಚೇರಿಗೂ ಒಂದು ಪ್ರತಿ ಕೊಡಲಿ. ಆ ದಿನ ನೀವೂ ಜೊತೆಗೆ ಹೋಗಿ. ಅವರ ಕೂಲಿಗೆಂದು ಇನ್ನೊಂದು ಒಡವೆ ಅಡವಿಡಬೇಡಿ.