ಬಿರಿದ ಕಿಟಕಿಯ ದುರಸ್ತಿ

ಗಾಳಿಗೆ ಹಾದಿಯಾದುದು ವಾತಾಯನ, ಬೆಳಕಿಗೆ ಹಾದಿಯಾದುದು ಬೆಳಕಿಂಡಿ. ಕಿಟಕಿಗೆ ಈ ಎರಡು ಹೆಸರುಗಳೂ ಅನ್ವರ್ಥವಾಗಿವೆ. ಆದರೆ ಗಾಜು ಬಿರಿದರೆ ಮಳೆನೀರೂ ಅದೇ ಹಾದಿಯಲ್ಲಿ ಇಳಿದು ಚೌಕಟ್ಟಿನ ಮರವನ್ನು ಕೊಳೆಯಿಸುತ್ತದೆ. ಉದುರಿದ ಚೂರು ಮಕ್ಕಳ ಪಾದವನ್ನು ಸೀಳುತ್ತದೆ. ಆದಕಾರಣ ಬಿರುಕು ಕಿರಿದೆಂದು ಉಪೇಕ್ಷಿಸಲಾಗದು.

ಮೊದಲು ದಪ್ಪ ಕೈಗವಸನ್ನೂ ಕನ್ನಡಕವನ್ನೂ ಧರಿಸಿ, ಗಾಜಿಗೆ ಅಂಟುಪಟ್ಟಿ ಹಚ್ಚಿ ತೆಗೆಯಬೇಕು. ಆಗ ಚೂರುಗಳು ಚೆದರವು. ಹಳೆಯ ಬಣ್ಣದಲ್ಲಿ ವಿಷಕಾರಿಯಾದ ಸೀಸವಿರಬಹುದಾದುದರಿಂದ, ಧೂಳೇಳದಂತೆ ನೀರಿನಿಂದ ತೋಯಿಸಿ ಹಳೆಯ ಪುಟ್ಟಿಯನ್ನು ಕೆರೆಯಬೇಕು. ಮರ ಒಣಗಿದ ಬಳಿಕ ಅಗಸೆ ಎಣ್ಣೆ ಸವರಬೇಕು. ಇಲ್ಲವಾದರೆ ಮರವು ಹೊಸ ಪುಟ್ಟಿಯ ಎಣ್ಣೆಯನ್ನು ಹೀರಿ, ಪುಟ್ಟಿ ಬಿರಿಯುತ್ತದೆ.

ಹೊಸ ಗಾಜು ತಾನು ಕೂರುವ ಎಡೆಗಿಂತ ಉದ್ದಗಲಗಳಲ್ಲಿ ಸುಮಾರು 3 ಮಿಲಿಮೀಟರು ಕಿರಿದಿರಲಿ. ಮಳೆಗಾಲದಲ್ಲಿ ಮರ ಉಬ್ಬಿದರೂ ಗಾಜಿಗೆ ಒತ್ತಡ ತಗಲದು. ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ನಾದಿದರೆ ಪುಟ್ಟಿ ಸಿದ್ಧವಾಗುತ್ತದೆ. ಅದನ್ನು ತೆಳುವಾಗಿ ಹಾಸಿ, ಗಾಜಿನ ಅಂಚುಗಳನ್ನಷ್ಟೇ ಒತ್ತಿ ಕೂರಿಸಿ, ಸಣ್ಣ ಮೊಳೆಗಳಿಂದ ನಿಲ್ಲಿಸಿ, ನೀರು ಜಾರುವಂತೆ ಹೊರಗೆ ಇಳಿಜಾರಾಗಿ ಪುಟ್ಟಿ ಮೆತ್ತಬೇಕು. ಎಣ್ಣೆಯು ಗಾಳಿಯ ಆಮ್ಲಜನಕದೊಡನೆ ಕೂಡಿ ಮೆಲ್ಲನೆ ಗಟ್ಟಿಯಾಗುವುದರಿಂದ ಬಣ್ಣ ಬಳಿಯಲು ಒಂದೆರಡು ವಾರ ತಾಳಬೇಕು.

ವಿದ್ಯಾರ್ಥಿಗಳು ಇದನ್ನು ಹಿರಿಯರ ಸಮ್ಮುಖದಲ್ಲಿ ಕಲಿಯಲಿ. ಮನೆಮಂದಿಯ ಕ್ಷೇಮಕ್ಕಾಗಿ ಶ್ರದ್ಧೆಯಿಂದ ಮಾಡಿದ ಕಿರುಗೆಲಸವೂ ಕಾಯಕವೇ ಸರಿ.