ಚಳಿಯ ರಾತ್ರಿಯಲ್ಲಿ ಕೂಸನ್ನು ಬೆಚ್ಚಗಿಡುವ ಕ್ರಮ

ದಶಂಬರ ಮೊದಲ್ಗೊಂಡು ಫೆಬ್ರವರಿಯ ನಡುವಿನ ತನಕ ನಮ್ಮ ಬಯಲುಸೀಮೆಯ ಊರುಗಳಲ್ಲಿ ಹಗಲು ಬಿಸಿಲು, ಇರುಳು ಚಳಿ. ಮಧ್ಯಾಹ್ನದಲ್ಲಿ ಬರೀ ಮೈಯಿಂದ ಅಂಗಳದಲ್ಲಿ ಆಡಿದ ಕೂಸು ಕೋಳಿ ಕೂಗುವ ಹೊತ್ತಿಗೆ ಹೊದಿಕೆಯನ್ನು ಒದ್ದು ತಣ್ಣಗೆ ಮಲಗಿರುತ್ತದೆ. ಬೆಂಗಳೂರಿನಲ್ಲಿಯೂ 1884ನೆಯ ಜನವರಿಯಲ್ಲಿ ಒಂದು ರಾತ್ರಿ ಉಷ್ಣವು 7.8 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದದ್ದುಂಟು. ಹೀಗಿರಲಾಗಿ ಚಳಿಯೆಂಬದು ಹಿಮ ಬೀಳುವ ದೇಶದವರ ಕಷ್ಟ ಮಾತ್ರವೆಂದು ಎಣಿಸಬಾರದು. ಆದರೆ ಚಳಿಗೆ ಹೆದರಿ ತಾಯಿತಂದೆಗಳು ಮಾಡುವ ಉಪಾಯಗಳಲ್ಲಿ ಕೆಲವು ಚಳಿಗಿಂತಲೂ ಹೆಚ್ಚು ಕೇಡಿನವು. ಅವುಗಳ ಕುರಿತೇ ನಾವು ಈ ಸಾರಿ ಮುಖ್ಯವಾಗಿ ಬರೆಯುತ್ತೇವೆ.

ಕೂಸಿಗೆ ಬೇಗನೆ ಚಳಿಯಾಗುವದು ಯಾಕೆ? ಒಲೆಯಿಂದ ಇಳಿಸಿದ ಹಂಡೆಯ ನೀರು ಬಹು ಹೊತ್ತು ಬಿಸಿಯಾಗಿರುತ್ತದೆ. ಅದರಿಂದಲೇ ತೆಗೆದ ತಂಬಿಗೆಯ ನೀರು ಕ್ಷಣದಲ್ಲಿ ಆರುತ್ತದೆ. ಚಿಕ್ಕ ವಸ್ತುವಿಗೆ ಅದರ ತೂಕವನ್ನು ನೋಡಿದರೆ ಹೊರಮೈ ಹೆಚ್ಚು. ಉಷ್ಣವು ಹೋಗುವದು ಹೊರಮೈಯಿಂದಲೇ. ಕೂಸಿನ ಸಂಗತಿಯೂ ಹಾಗೆಯೇ. ಅದರ ಮೇಲೆ ಹಸುಗೂಸಿಗೆ ದೊಡ್ಡವರ ಹಾಗೆ ನಡುಗಿ ಮೈಯನ್ನು ಬಿಸಿಮಾಡಿಕೊಳ್ಳುವ ಶಕ್ತಿಯು ಸಾಲದು. ಹೆಗಲುಗಳ ನಡುವೆಯೂ ಕುತ್ತಿಗೆಯ ಸುತ್ತಲೂ ಇರುವ ಒಂದು ಬಗೆಯ ಕಂದು ಕೊಬ್ಬನ್ನು ಸುಟ್ಟು ಅದು ಉಷ್ಣವನ್ನು ಹುಟ್ಟಿಸಿಕೊಳ್ಳುತ್ತದೆ. ಬೆಳೆಯುವದಕ್ಕೆ ಸಲ್ಲಬೇಕಾದ ಹಾಲಿನ ಸತ್ವವು ಹೀಗೆ ಚಳಿಗೆ ವೆಚ್ಚವಾಗುತ್ತದೆ. ಆದಕಾರಣ ಚಳಿಗಾಲದ ರಾತ್ರಿಗಳಲ್ಲಿ ಮೊಲೆಹಾಲನ್ನು ತಪ್ಪಿಸಲೇ ಬಾರದು.

ಕೂಸಿಗೆ ಚಳಿಯಾಗಿದೆಯೋ ಇಲ್ಲವೋ ಎಂದು ತಿಳಿಯುವದಕ್ಕೆ ಹೆಚ್ಚಿನವರು ಅದರ ಅಂಗೈ ಅಂಗಾಲುಗಳನ್ನು ಮುಟ್ಟಿನೋಡುತ್ತಾರೆ. ಇದು ಸರಿಯಾದ ಗುರುತಲ್ಲ. ಕೂಸಿನ ಕೈಕಾಲುಗಳು ಸುಖವಾಗಿರುವಾಗಲೂ ಸ್ವಲ್ಪ ತಣ್ಣಗಿರುವದುಂಟು. ನಿಮ್ಮ ಕೈಯನ್ನು ಮೊದಲು ಉಜ್ಜಿ ಬೆಚ್ಚಗೆ ಮಾಡಿಕೊಂಡು ಕೂಸಿನ ಎದೆಯನ್ನೂ ಕುತ್ತಿಗೆಯ ಹಿಂಭಾಗವನ್ನೂ ಮುಟ್ಟಿರಿ. ಅಲ್ಲಿ ಬೆಚ್ಚಗಿದ್ದರೆ ಸಾಕು. ಬೆವರಿದ್ದರೆ, ಮುಖವು ಕೆಂಪಗಾಗಿದ್ದರೆ ಬಟ್ಟೆಯು ಹೆಚ್ಚಾಯಿತೆಂದು ತಿಳಿದು ಒಂದನ್ನು ತೆಗೆಯಿರಿ. ಥರ್ಮಾಮೀಟರು ಇರುವ ಮನೆಯವರು ಕಂಕುಳಲ್ಲಿಟ್ಟು ನೋಡಬಹುದು, ಎಳೆಗೂಸಿಗೆ 36.5ರಿಂದ 37.5 ಡಿಗ್ರಿಯ ವರೆಗೆ ಇರತಕ್ಕದ್ದು.

ಬಟ್ಟೆಯ ವಿಷಯದಲ್ಲಿ ಮೊದಲನೆಯ ಮಾತು ಏನಂದರೆ, ಅದು ಒಣಗಿರಬೇಕು. ಒದ್ದೆ ಬಟ್ಟೆಯು ಬರೀ ಮೈಗಿಂತಲೂ ಕೆಟ್ಟದ್ದು. ಎರಡನೆಯದು, ದಪ್ಪವಾದ ಒಂದಕ್ಕಿಂತ ತೆಳುವಾದ ಎರಡು ಮೂರು ಮೇಲು. ಪದರುಗಳ ನಡುವೆ ನಿಲ್ಲುವ ಗಾಳಿಯೇ ಚಳಿಯನ್ನು ತಡೆಯುತ್ತದೆ. ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ನಮ್ಮ ಕೌದಿಯು ಬೆಚ್ಚಗಿರುವದು ಇದರಿಂದಲೇ. ಅದೇ ಕೋಣೆಯಲ್ಲಿ ನಿಮಗೆ ಎಷ್ಟು ಬಟ್ಟೆ ಬೇಕೋ ಅದಕ್ಕಿಂತ ಒಂದು ಹೆಚ್ಚು ಕೂಸಿಗೆ ಸಾಕು. ನೆರೆಮನೆಯವರು ನೋಡಲಿ ಎಂದು ನಾಲ್ಕು ಉಣ್ಣೆಯ ಅಂಗಿಗಳನ್ನು ತೊಡಿಸುವದು ಕೂಸಿನ ಮೇಲಣ ಪ್ರೀತಿಯಲ್ಲ. ಕುಲಾಯಿಯೂ ಕುಂಚಿಗೆಯೂ ಹೊರಗೆ ಹೋಗುವಾಗ ಬೇಕಾದವುಗಳು; ಬೆಳೆದ ಕೂಸನ್ನು ಮನೆಯೊಳಗೆ ಮಲಗಿಸುವಾಗ ತೆಗೆದಿಡಿರಿ, ಯಾಕಂದರೆ ಅವು ಜಾರಿ ಮೂಗನ್ನು ಮುಚ್ಚಬಹುದು, ದಾರವು ಕೊರಳಿಗೆ ಸುತ್ತಿಕೊಳ್ಳಬಹುದು.

ಬೆತ್ಲೆಹೇಮಿನಲ್ಲಿ ಕೂಸನ್ನು ಬಟ್ಟೆಯಿಂದ ಸುತ್ತಿದ ಸಂಗತಿಯನ್ನು ಎಲ್ಲರೂ ಬಲ್ಲರು. ಹುಟ್ಟಿದ ಕೂಸಿಗೆ ಆ ಪದ್ಧತಿಯು ನಮ್ಮಲ್ಲಿಯೂ ಇದೆ, ಬಿಗಿಯಾಗಿ ಸುತ್ತದಿದ್ದರೆ ಅಡ್ಡಿಯಿಲ್ಲ. ಆದರೆ ಮೂರು ನಾಲ್ಕು ತಿಂಗಳಾಗಿ ಮಗ್ಗಲು ಬದಲಿಸುವದಕ್ಕೆ ಯತ್ನಿಸುವ ಕೂಸನ್ನು ಸುತ್ತಲೇ ಬಾರದು. ಮೊಗಚಿಕೊಂಡರೆ ಕೈಯೂರಿ ಮುಖವನ್ನು ಎತ್ತುವದಕ್ಕೆ ಆಗದು. ಈ ವಯಸ್ಸಿನ ಕೂಸು ಹೊದಿಕೆಯನ್ನೂ ಒದೆಯುತ್ತದೆ, ಇಲ್ಲವೆ ಮುಖದ ಮೇಲೆ ಎಳೆದುಕೊಳ್ಳುತ್ತದೆ. ಇದಕ್ಕೆ ಒಂದು ಸುಲಭವಾದ ಉಪಾಯ ಉಂಟು. ಹಳೆಯ ಕೌದಿಯ ತುಂಡಿನಿಂದ ತೋಳಿಲ್ಲದ ಉದ್ದ ಅಂಗಿಯನ್ನು ಹೊಲಿದು ಕಾಲಿನ ಕಡೆಯನ್ನು ಚೀಲದಂತೆ ಮುಚ್ಚಿರಿ. ಕುತ್ತಿಗೆಯು ತಲೆ ನುಸುಳುವಷ್ಟು ಅಗಲ ಬೇಡ. ಹೆಗಲ ಮೇಲೆ ಗುಂಡಿಯಿಡಿರಿ. ಕೆಳಗೆ ಕಾಲಾಡಿಸುವಷ್ಟು ಸಡಿಲವಿರಲಿ. ಕೂಸು ಎಷ್ಟು ಹೊರಳಿದರೂ ಈ ಹೊದಿಕೆ ಅದರ ಸಂಗಡಲೇ ಹೊರಳುತ್ತದೆ.

ಇನ್ನು ಬೆಂಕಿಯ ವಿಷಯ. ಅಗ್ಗಿಷ್ಟಿಗೆಯಲ್ಲಿ ಇದ್ದಲಿನ ಕೆಂಡವನ್ನು ತುಂಬಿ ತೊಟ್ಟಿಲ ಹತ್ತಿರವಿಟ್ಟು, ಗಾಳಿ ನುಗ್ಗಬಾರದೆಂದು ಕದ ಕಿಟಕಿಗಳ ಸಂದುಗಳಿಗೂ ಅರಿವೆ ತುರುಕಿ ಮಲಗುವ ಮನೆಗಳುಂಟು. ಹೊಗೆಯಿಲ್ಲದ ಕೆಂಡದಿಂದ ಏನು ಕೇಡು ಎಂದು ಕೇಳುವಿರಿ. ಕೇಡು ಇರುವದು ಅಲ್ಲಿಯೇ. ಗಾಳಿಯು ಸಾಲದೆ ಉರಿಯುವ ಇದ್ದಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರಿನಲ್ಲಿ ಪ್ರಾಣವಾಯುವು ಹಿಡಿದುಕೊಳ್ಳುವ ಸ್ಥಳವನ್ನು ಇದು ಇನ್ನೂರು ಪಾಲಿಗಿಂತ ಹೆಚ್ಚು ಬಲದಿಂದ ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವಾಗುವದಿಲ್ಲ, ನಿದ್ದೆಯಲ್ಲಿಯೇ ಪ್ರಾಣವು ಹೋಗುತ್ತದೆ. ಕೂಸು ದೊಡ್ಡವರಿಗಿಂತ ವೇಗವಾಗಿ ಉಸಿರಾಡುವದರಿಂದ ವಿಷವು ಅದಕ್ಕೆ ಮೊದಲು ತಗಲುತ್ತದೆ. ಕೋಣೆಯನ್ನು ಬಿಸಿಮಾಡಲೇ ಬೇಕಾದರೆ ಮಲಗುವ ಮುಂಚೆ ಕದವನ್ನು ಸ್ವಲ್ಪ ತೆರೆದಿಟ್ಟು ಮಾಡಿರಿ. ಅನಂತರ ಅಗ್ಗಿಷ್ಟಿಗೆಯನ್ನು ಹೊರಗೆ ಒಯ್ದಿಡಿರಿ. ಅರೆ ಆರಿದ ಕೆಂಡವನ್ನೂ ಒಳಗೆ ಬಿಡಬಾರದು. ಸ್ನಾನವಾದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನಮ್ಮ ಅಜ್ಜಿಯಂದಿರು ಹಾಕಿದರೂ ನಾವು ಬದುಕಿಲ್ಲವೋ ಅನ್ನುವವರುಂಟು. ಬದುಕಿದವರು ಹೀಗೆ ಹೇಳುತ್ತಾರೆ. ಬದುಕದೆ ಹೋದ ಕೂಸುಗಳು ಸಾಕ್ಷಿ ಹೇಳುವದಕ್ಕೆ ಬರುವದಿಲ್ಲ.

ಹಾಸಿಗೆಯನ್ನು ಬಿಸಿನೀರಿನ ಶೀಸೆಯಿಂದ ಬೆಚ್ಚಗೆ ಮಾಡಬಹುದು; ಆದರೆ ಕೂಸನ್ನು ಮಲಗಿಸುವ ಮುಂಚೆ ಶೀಸೆಯನ್ನು ತೆಗೆದುಬಿಡಬೇಕು. ಕೂಸನ್ನು ಯಾವಾಗಲೂ ಅಂಗಾತನೆ ಮಲಗಿಸಿರಿ. ಇಂಗ್ಲೆಂಡಿನಲ್ಲಿ 1991ರಲ್ಲಿ ಈ ಬುದ್ಧಿಯನ್ನು ಮನೆಮನೆಗೂ ಸಾರಲಾಗಿ, ಕಾರಣ ಕಾಣದೆ ನಿದ್ದೆಯಲ್ಲಿ ಸಾಯುವ ಕೂಸುಗಳ ಸಂಖ್ಯೆಯು ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತಲೂ ಕಡಿಮೆಯಾಯಿತು. ಮೈ ಅತಿಯಾಗಿ ಬಿಸಿಯಾಗುವದೂ ಇಂಥ ಸಾವಿಗೆ ಎಡೆಕೊಡುತ್ತದೆ. ತಲೆದಿಂಬು ಬೇಡ. ತಾಯಿಯ ಪಕ್ಕದಲ್ಲಿ ಒಂದೇ ಚಾಪೆಯ ಮೇಲೆ ಮಲಗಿಸುವ ಮನೆಗಳಲ್ಲಿ ದೊಡ್ಡವರ ಕಂಬಳಿಯು ಕೂಸಿನ ಎದೆಯಿಂದ ಮೇಲಕ್ಕೆ ಬರಬಾರದು. ಕುಡಿದು ಬಂದವನು ಆ ಚಾಪೆಯ ಮೇಲೆ ಮಲಗಲೇ ಬಾರದು. ಕೂಸಿನ ಮೇಲೆ ಹೊರಳಿದರೂ ಅವನಿಗೆ ಗೊತ್ತಾಗದು. ಹೊಗೆಬತ್ತಿ ಸೇದುವವರ ಪಕ್ಕವೂ ಕೂಸಿಗೆ ಕ್ಷೇಮವಲ್ಲ.

ತೂಕ ಕಡಿಮೆಯಾಗಿ ಹುಟ್ಟಿದ ಕೂಸಿಗೆ ತಾಯಿಯ ಮೈಯೇ ಉತ್ತಮವಾದ ಅಗ್ಗಿಷ್ಟಿಗೆ. ಕೊಲಂಬಿಯಾ ದೇಶದ ಬೊಗೋಟಾ ಪಟ್ಟಣದಲ್ಲಿ 1978ರಲ್ಲಿ ಎದ್ಗಾರ್ ರೇ ಎಂಬ ವೈದ್ಯರು, ಯಂತ್ರದ ಪೆಟ್ಟಿಗೆಗಳು ಸಾಲದೆ ಇದ್ದದರಿಂದ, ಇಂಥ ಕೂಸುಗಳನ್ನು ತಾಯಂದಿರ ಬರೀ ಎದೆಗೆ ಅಂಟಿಸಿ ಕಟ್ಟಿಸತೊಡಗಿದರು. ಈಗ ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ಇದನ್ನು ಕಲಿಸುತ್ತಾರೆ. ತಾಯಿಗೆ ದಣಿವಾದರೆ ತಂದೆಯ ಎದೆಯೂ ಆಗುತ್ತದೆ.

ಎದೆ ಹೊಟ್ಟೆಗಳು ತಣ್ಣಗಾಗಿ ಕೂಸು ಹಾಲು ಕುಡಿಯದೆ ಜೋಲು ಬಿದ್ದರೆ, ಅಳುವು ಕ್ಷೀಣವಾದರೆ, ಉಸಿರಾಡುವಾಗ ಪಕ್ಕೆಗಳ ಕೆಳಗೆ ಗುಳಿ ಬಿದ್ದರೆ, ಅಥವಾ ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೆ, ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಒಯ್ಯಿರಿ. ಜ್ವರವಿದ್ದರೆ ಹೆಚ್ಚು ಹೊದಿಸಬೇಡಿರಿ. ಮೈ ತಣ್ಣಗಿದ್ದರೆ ಕೂಸಿನ ಒದ್ದೆ ಬಟ್ಟೆಯನ್ನು ತೆಗೆದು, ತಾಯಿಯ ರವಿಕೆಯೊಳಗೆ ಎದೆಗೆ ಎದೆ ತಾಗುವಂತೆ ಇಟ್ಟು, ಇಬ್ಬರ ಮೇಲೂ ಒಂದೇ ಕಂಬಳಿಯನ್ನು ಹೊದಿಸಿ, ಕೂಸಿನ ಮೂಗು ಬಾಯಿಗಳನ್ನು ತೆರೆದಿಟ್ಟು ಹೊರಡಿರಿ.